ಬಾಸ್ ಗಿಟಾರಿನ ‘ಸಸ್ಟೇನ್’: ಅನುನಾದವೇ, ಅನುರಣನವೇ, ನಾದದ ಬಾಳಿಕೆಯೇ?

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ, ಎಲೆಕ್ಟ್ರಿಕ್ ಬಾಸ್‌ನ ಬಿಡಿಭಾಗಗಳನ್ನು ಬದಲಿಸಿದರೆ ಏನಾಗುತ್ತದೆ ಎಂಬುದರ ಬಗ್ಗೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ವಾದ್ಯದ ಒಡಲ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿಗೆ ವೀಣೆಯ ‘ಕುದುರೆ’ ಸಲೀಸಾಗಿ ಒಗ್ಗಿತು. ಅದರ ಮೇಲೆ ತಂತಿಗೊಂದರಂತೆ ಕೂರುವ ಸ್ಯಾಡಲ್‌ಗೆ ‘ಜೀನು’ ತಾನಾಗಿಯೇ ಒದಗಿತು. ಫ್ರೆಟ್ ಮೆಟ್ಟಿಲಾಯಿತು, ಶ್ರುತಿಯ ಕೀಲಿ ಬಿರಡೆಯಾಯಿತು, ಟೋನ್‌ಗೆ ‘ನಾದಗುಣ’ ಸಾಕು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಪಿಕಪ್ಪಾಗಿಯೇ ಇರಲಿ. ತೊಡಕಾಗಿರುವುದು ‘ಸಸ್ಟೇನ್’: ಮೀಟಿದ ಮೇಲೆ ಸ್ವರ ಎಷ್ಟು ಹೊತ್ತು ಕೇಳಿಸುತ್ತಿರುತ್ತದೆ ಎಂಬ ಗುಣ.

ಕೆಲವರು ಇದನ್ನು ‘ಅನುನಾದ’ (ರೆಸೊನೆನ್ಸ್, ಒಂದರ ಕಂಪನಕ್ಕೆ ಸ್ಪಂದಿಸಿ ಇನ್ನೊಂದೂ ಕಂಪಿಸುವುದು) ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ, ಏಕೆಂದರೆ ಬಾಸ್‌ನಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ನಿಲ್ಲುವುದುಂಟು. ಹಲವು ಬಾಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೆಯ ಮೆಟ್ಟಿಲುಗಳ ಆಸುಪಾಸಿನ ಯಾವುದೋ ಒಂದು ಸ್ವರ ಬೇಗನೆ ಸಾಯುತ್ತದೆ. ಆ ಸ್ವರದ ಕಂಪನಕ್ಕೆ ವಾದ್ಯದ ಕತ್ತು ಅನುನಾದಗೊಂಡು, ತಂತಿಯ ಶಕ್ತಿಯನ್ನು ತಾನೇ ಹೀರಿಕೊಳ್ಳುವುದು ಇದಕ್ಕೆ ಕಾರಣ. ಕತ್ತಿನ ತುದಿಗೆ ಭಾರದ ಹಿಡಿಕೆಯೊಂದನ್ನು (ಕ್ಲ್ಯಾಂಪ್) ಬಿಗಿದರೆ ಕತ್ತಿನ ಕಂಪನಾಂಕ ತಗ್ಗಿ, ಆ ಮಂಕು ತಾಣ ಬೇರೆಡೆಗೆ ಸರಿಯುತ್ತದೆ. ಅನುನಾದ ಹೆಚ್ಚಿದಲ್ಲಿ ಸಸ್ಟೇನ್ ಕುಗ್ಗುವಾಗ, ಎರಡಕ್ಕೂ ಒಂದೇ ಪದವಿಟ್ಟರೆ ಕಲಿಯುವ ಮಗುವಿಗೆ ತಪ್ಪನ್ನೇ ಕಲಿಸಿದಂತೆ.

‘ಅನುರಣನ’ಕ್ಕೆ ಹಿರಿಮೆಯಿದೆ. 13ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವ ಸ್ವರವನ್ನೇ ಅನುರಣನಾತ್ಮಕ, ಎಂದರೆ ಮೂಡಿದ ಮೇಲೂ ಮೊರೆಯುತ್ತ ಉಳಿಯುವಂಥದ್ದು, ಎನ್ನುತ್ತಾನೆ. ಆದರೆ ಇಂದು ಗೋಡೆಗಳಿಗೆ ಬಡಿದು ಮರಳುವ ಸದ್ದಿನ ಮುಂದುವರಿಕೆಗೂ ಇದೇ ಪದ. ಆಂಪ್ಲಿಫೈಯರ್‌ನ ರಿವರ್ಬ್ ಗುಂಡಿಗೆ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ‘ಕಾರ್ವೆ’ಯೂ ಸಲ್ಲದು, ಅದು ತಾಳದ ಲೆಕ್ಕದಲ್ಲಿ ನುಡಿಸುವವರು ಕೊಡುವ ಅವಧಿಯೇ ಹೊರತು ವಾದ್ಯದ ಗುಣವಲ್ಲ.

ಅಚ್ಚಗನ್ನಡದ ‘ನಿಲ್ಲು’ವಿನಿಂದ ಪದ ಕಟ್ಟೋಣವೆಂದರೆ ಅದು ಎರಡು ಕಡೆಗೂ ವಾಲುತ್ತದೆ. ಕೋಲಾರಮ್ಮನ ಕೆರೆಯಲ್ಲಿ ನೀರು ನಿಂತಿದೆ ಎಂದರೆ ಉಳಿದಿದೆ. ಮಳೆ ನಿಂತಿದೆ ಎಂದರೆ ಮುಗಿದಿದೆ. ‘ನಾದ ನಿಂತಿತು’ ಎಂದರೆ ಎಲ್ಲರಿಗೂ ಹೊಳೆಯುವುದು ಎರಡನೆಯ ಅರ್ಥವೇ.

ಹಾಗಾಗಿ ‘ನಾದದ ಬಾಳಿಕೆ’ ಎಂಬುದನ್ನು ಮುಂದಿಡುತ್ತಿದ್ದೇನೆ. ವಾಕ್ಯಗಳಲ್ಲಿ ಇಟ್ಟು ನೋಡಿ:

ಪಿಕಪ್ಪಿನ ಆಯಸ್ಕಾಂತ ತಂತಿಗೆ ತೀರ ಹತ್ತಿರವಾದರೆ ಅದರ ಸೆಳೆತಕ್ಕೆ ಸಿಕ್ಕಿ ನಾದದ ಬಾಳಿಕೆ ಕುಗ್ಗುತ್ತದೆ, ಶ್ರುತಿಯೂ ಕೆಡುತ್ತದೆ.

ಟೋನ್ ಗುಂಡಿಯ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬದಲಿಸಿದರೆ ನಾದಗುಣ ಬದಲಾಗುತ್ತದೆ. ತಂತಿ ಮಾತ್ರ ಮೊದಲಿನಷ್ಟೇ ಹೊತ್ತು ಕಂಪಿಸುತ್ತದೆ.

ಹಿತ್ತಾಳೆಯ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಗೀರುಪಟ್ಟಿ) ಹಾಕಿಸಿದರೆ ವ್ಯತ್ಯಾಸ ಕಾಣುವುದು ಮೆಟ್ಟಿಲು ಒತ್ತದೆ ನುಡಿಸುವ ಸ್ವರಗಳಲ್ಲಿ.

ಕುದುರೆಯನ್ನು ಭಾರದ ಹಿತ್ತಾಳೆಗೆ ಬದಲಿಸಿದರೆ ಬಾಳಿಕೆ ಬಹಳ ಹೆಚ್ಚುತ್ತದೆ ಎಂಬ ಮಾತಿಗೆ ಮಾತ್ರ ನಾನು ಅಷ್ಟು ತೂಕ ಕೊಡುವುದಿಲ್ಲ. ಆ ತುದಿ ಮೊದಲೇ ಗಟ್ಟಿ. ಶಕ್ತಿ ಹೆಚ್ಚಾಗಿ ಸೋರುವುದು ಕತ್ತಿನ ಕಡೆಯಿಂದ.

ಒಂದು ತೊಂದರೆಯಿದೆ. ‘ತಂತಿಯ ಬಾಳಿಕೆ’ ಎಂದರೆ ಅದು ಎಷ್ಟು ತಿಂಗಳು ಬರುತ್ತದೆ ಎಂಬ ಅರ್ಥವಾಗುತ್ತದೆ. ಆದ್ದರಿಂದ ‘ನಾದದ’ ಎಂಬುದನ್ನು ಪ್ರತಿಸಲವೂ ಸೇರಿಸಲೇಬೇಕು, ಪದ ಉದ್ದವಾಗುತ್ತದೆ. ವೀಣೆ ನುಡಿಸುವವರು, ವೀಣೆ ಮಾಡುವವರು ಈ ಗುಣಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ? ಇದಕ್ಕಿಂತ ಚಿಕ್ಕ ಪದ ಬಳಕೆಯಲ್ಲಿದ್ದರೆ ಬಲ್ಲವರು ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.