ಕೂಸು ತೀರಿಕೊಂಡಾಗ ಹೆರಿಗೆ ವಾರ್ಡಿನಲ್ಲಿ ಏನೇನು ನೋಡಿಕೊಳ್ಳಬೇಕು?

ಧಾರವಾಡ ಸಿಸ್ಟರ್:
ಹೊಟ್ಟೆಯಲ್ಲೇ ಕೂಸು ತೀರಿದರೆ, ಇಲ್ಲಾ ಹುಟ್ಟಿ ಒಂದೆರಡು ದಿನಕ್ಕೆ ಹೋದರೆ ವಾರ್ಡಿನಲ್ಲಿ ಏನು ಮಾಡಬೇಕೆಂದು ಒಂದು ಕ್ರಮ ಬರೆದಿಡಬೇಕಾಗಿದೆ. ಈಗ ನಡೆಯೋದು ಇಷ್ಟು: ಗಂಡಸರು ಕೂಸನ್ನ ಅವಸರದಲ್ಲಿ ಒಯ್ದು ಮಣ್ಣು ಮಾಡಿ ಬರ್ತಾರೆ, "ಆಕಿಗೆ ತೋರಿಸಬ್ಯಾಡ್ರಿ" ಅಂತಾರೆ. ತಾಯಿ ಮಾತ್ರ ಬೇರೆ ಕೂಸುಗಳ ಅಳು ಕೇಳ್ತಾ ಅದೇ ವಾರ್ಡಿನಲ್ಲಿ ಇರ್ತಾಳೆ. ತೋರಿಸಬೇಕೋ ಬೇಡವೋ? ಹಾಲು, ಕಾಗದಪತ್ರದ ಬಗ್ಗೆಯೂ ಹೇಳ್ರಿ.

ಆಪ್ತಸಮಾಲೋಚಕಿ, ಹುಬ್ಬಳ್ಳಿ:
ಸಿಸ್ಟರ್, ಅದನ್ನ ಕೇಳಬೇಕಾದ್ದು ತಾಯಿಯನ್ನ. ಅತ್ತೆ, ಮಾವ, ಅಣ್ಣ ಯಾರೂ ಆಕೆ ಪರವಾಗಿ ಉತ್ತರ ಕೊಡಬಾರದು. ಮೊದಲು "ಬ್ಯಾಡ" ಅಂದರೂ ಎರಡು ಮೂರು ತಾಸು ಬಿಟ್ಟು ಮತ್ತೊಮ್ಮೆ ಕೇಳ್ರಿ, ಒತ್ತಾಯ ಬೇಡ. ಅಷ್ಟು ಹೊತ್ತು ಕೂಸು ತಂಪು ಕೋಣೆಯಲ್ಲಿ ಇರಲಿ.

ತೋರಿಸೋ ಮುಂಚೆ ಹೇಗೆ ಕಾಣ್ತದೆ ಅಂತ ಬಾಯಿಬಿಟ್ಟು ಹೇಳ್ರಿ: ತುಟಿ ಕಪ್ಪಾಗಿರ್ತದೆ, ಚರ್ಮ ಅಲ್ಲಲ್ಲಿ ಸುಲಿದಿರಬಹುದು, ಮೈ ತಣ್ಣಗಿರ್ತದೆ. ಮನೆಯಿಂದ ತಂದ ಕುಂಚಿಗಿ ಹಾಕಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಕೊಡ್ರಿ. ಒಪ್ಪಿದರೆ ಪಾದದ ಅಚ್ಚು ತಗೊಳ್ರಿ. ಅಂಗಾಲು ಒರೆಸಿ, ಒಣಗಿದ ಮೇಲೆ ಇಂಕ್ ಪ್ಯಾಡ್ ಮುಟ್ಟಿಸಿ, ದಪ್ಪ ಕಾಗದವನ್ನ ಪಾದಕ್ಕೆ ಒತ್ತಬೇಕು. ಪಾದವನ್ನೇ ಕಾಗದಕ್ಕೆ ಒತ್ತಿದರೆ ಸುಲಿದ ಚರ್ಮ ಕಿತ್ತು ಬರ್ತದೆ. ಅಚ್ಚು, ಕೈಪಟ್ಟಿ ಒಂದು ಲಕೋಟೆಯಲ್ಲಿ ಹಾಕಿ ತಾಯಿಗೇ ಕೊಡ್ರಿ. ಈಗ ಬೇಡವೆಂದರೆ ಫೈಲಿನಲ್ಲಿ ಜೋಪಾನ ಮಾಡ್ರಿ. ತಿಂಗಳುಗಳ ಮೇಲೂ ಕೇಳಿಕೊಂಡು ಬರ್ತಾರೆ.

"ಇನ್ನೊಂದು ಆಗ್ತದ ಬಿಡವಾ" ಅನ್ನೋ ಮಾತು ಯಾರ ಬಾಯಿಂದಲೂ ಬರಬಾರದು, ಆಯಾಗಳ ಬಾಯಿಂದಲೂ. ಮಂಚ ಹೆಂಗಸರ ಬೇರೆ ವಾರ್ಡಿಗೆ ಬದಲಿಸ್ರಿ, ಕೇಸ್ ಶೀಟಿನ ಮೇಲೆ ಗುರುತು ಹಾಕ್ರಿ. ಇಲ್ಲದಿದ್ದರೆ ಪಾಳಿ ಬದಲಾದ ಕೂಡಲೇ ಹೊಸ ಸಿಸ್ಟರ್ ಬಂದು "ಹಾಲು ಕುಡಿಸಿದ್ರೇನ್ರಿ?" ಅಂತ ಕೇಳಿಬಿಡ್ತಾರೆ.

ಹೆರಿಗೆ ವೈದ್ಯೆ, ಗದಗ:
ಹಾಲು ಎರಡರಿಂದ ನಾಲ್ಕನೇ ದಿನಕ್ಕೆ ಇಳೀತದೆ. ಅಷ್ಟರಲ್ಲಿ ಆಕೆ ಮನೆ ಸೇರಿರ್ತಾಳೆ, ಆದ್ದರಿಂದ ಮೊದಲೇ ಹೇಳಿ ಕಳಿಸಬೇಕು. ಮೊದಲ ದಿನವೇ ಕ್ಯಾಬರ್ಗೋಲಿನ್ 1 ಮಿಲಿಗ್ರಾಂ ಒಂದೇ ಸಲ ಕೊಟ್ಟರೆ ಹಾಲು ನಿಲ್ತದೆ. ಬಿಪಿ ನೋಡದೆ ಮಾತ್ರ ಕೊಡಬಾರದು. ಕೂಸು ಹೊಟ್ಟೆಯಲ್ಲೇ ಹೋಗೋದಕ್ಕೆ ಎಷ್ಟೋ ಸಲ ತಾಯಿಯ ಬಿಪಿಯೇ ಕಾರಣ ಇರ್ತದೆ, ಬಿಪಿ ಇದ್ದವರಿಗೆ ಈ ಗುಳಿಗೆ ಆಗೋದಿಲ್ಲ. ಅಂಥವರಿಗೆ ತಣ್ಣೀರ ಬಟ್ಟೆ, ಸರಿಯಾಗಿ ಕೂಡುವ ಒಳ ಉಡುಪು, ಬಿಗಿತ ತಗ್ಗುವಷ್ಟೇ ಹಿಂಡೋದು. ಜ್ವರ, ಕೆಂಪು, ಗಂಟು ಕಂಡರೆ ವಾಪಸ್ ಬರಬೇಕು.

ಮಾಸನ್ನ ಕಸಕ್ಕೆ ಹಾಕಬೇಡ್ರಿ. ಮನೆಯವರ ಒಪ್ಪಿಗೆ ತಗೊಂಡು, 10% ಫಾರ್ಮಲಿನ್‌ನಲ್ಲಿ ಲ್ಯಾಬಿಗೆ ಕಳಿಸ್ರಿ. "ನಂದೇನರ ತಪ್ಪಾತೇನ್ರಿ?" ಅನ್ನೋ ಪ್ರಶ್ನೆಗೆ ಉತ್ತರ ಸಿಗೋದಾದರೆ ಬಹಳ ಸಲ ಅಲ್ಲೇ ಸಿಗೋದು. ತಾಯಿ ರಕ್ತ ನೆಗೆಟಿವ್ ಇದ್ದರೆ, ಮುಂದಿನ ಬಸಿರಿಗೆ ತೊಂದರೆ ಆಗದಂತೆ ಕೊಡೋ ಆ್ಯಂಟಿ-ಡಿ ಚುಚ್ಚುಮದ್ದು 72 ತಾಸಿನೊಳಗೆ ಆಗಬೇಕು. ದುಃಖದ ಗದ್ದಲದಲ್ಲಿ ಮರೆತುಹೋಗೋದು ಇದೇ.

ಸಮಾಜ ಕಾರ್ಯಕರ್ತ, ಹಾವೇರಿ:
ಒಂದು ಕಡೆ ದೊಡ್ಡ ತಪ್ಪು ನಡೀತದೆ. ಒಂದೇ ಒಂದು ಉಸಿರು ತಗೊಂಡಿದ್ದರೂ ಅದು ಜೀವಂತ ಜನನ. ಜನನ, ಮರಣ ಎರಡೂ ನೋಂದಣಿ ಆಗಬೇಕು. ಅದನ್ನ ಸತ್ತು ಹುಟ್ಟಿದ್ದು ಅಂತ ಬರೆದುಬಿಟ್ಟರೆ ತಂದೆತಾಯಿ ಕೈಗೆ ಆ ಕೂಸಿನ ಜನನ ಪತ್ರವೇ ಸಿಗೋದಿಲ್ಲ. 28 ವಾರದ ನಂತರ ಸತ್ತು ಹುಟ್ಟಿದ್ದಕ್ಕೆ ಬೇರೆ ನಮೂನೆ ಉಂಟು. ಎಲ್ಲದಕ್ಕೂ 21 ದಿನದ ಗಡುವು, ವರದಿ ಕೊಡಬೇಕಾದ್ದು ಆಸ್ಪತ್ರೆಯೇ.

ನೌಕರಿಯಲ್ಲಿ ಇರೋರಿಗೆ ಹೇಳ್ರಿ: ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 'ಮಗು' ಅಂದರೆ ಸತ್ತು ಹುಟ್ಟಿದ್ದೂ ಸೇರ್ತದೆ. ಗರ್ಭಪಾತಕ್ಕೆ 6 ವಾರ ರಜೆ.

ಡಿಸ್ಚಾರ್ಜ್ ದಿನವೇ ತಾಯಿ ಕಾರ್ಡಿನಲ್ಲಿ ಬರೆದು ಆ ಊರಿನ ಆಶಾ ಅಕ್ಕನಿಗೆ ಫೋನ್ ಮಾಡ್ರಿ. ಇಲ್ಲದಿದ್ದರೆ 3, 7, 14ನೇ ದಿನದ ಭೇಟಿ ಅಂತ ಕೂಸಿನ ತೂಕ ನೋಡಲು ಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ತಾಳೆ. ಆಕೆಯದೂ ತಪ್ಪಲ್ಲ, ಯಾರೂ ಹೇಳಿರೋದಿಲ್ಲ.

ಧಾರವಾಡ ಸಿಸ್ಟರ್:
ಉಪಕಾರ ಆತು. ಮನೆಗೆ ಹೋದ ಮೇಲೆ?

ಆಪ್ತಸಮಾಲೋಚಕಿ, ಹುಬ್ಬಳ್ಳಿ:
ಎರಡನೇ ವಾರ ಒಂದು ಫೋನ್, ಆರನೇ ವಾರ ಭೇಟಿ. ಆ ಭೇಟಿಗೆ ಲಸಿಕೆಯ ದಿನ ಕರೀಬ್ಯಾಡ್ರಿ. ಗಂಡನನ್ನೂ ಮಾತಾಡಿಸ್ರಿ, ಮಣ್ಣು ಮಾಡಿ ಬಂದವನು ಅವನೇ. ಎರಡು ವಾರ ಕಳೆದರೂ ನಿದ್ದೆ, ಊಟ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416. ಧಾರವಾಡದವರಿಗೆ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರವೇ ಇದೆ. ಸಾಯುವ ಮಾತಾಡಿದರೆ ಎರಡು ವಾರ ಕಾಯಬ್ಯಾಡ್ರಿ, ಅದೇ ದಿನ ಕರಕೊಂಡು ಹೋಗ್ರಿ.