ಸುರಂಗದ ಒಳಗೆ ವಾಂಡ್ ಚಾರ್ಜ್ ಆಗುತ್ತದೋ ಇಲ್ಲವೋ?

ಟಿಳಕವಾಡಿ_ಮಾಂತ್ರಿಕ:
ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿಯಲ್ಲಿ ಭಾನುವಾರ ಭಾನುವಾರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ದಾಳ ಉರುಳಿಸುತ್ತಾ ಪಾತ್ರಗಳಾಗಿ ಕಥೆ ಕಟ್ಟುವ ಆಟ) ಆಡುತ್ತೇವೆ. 5ನೇ ಆವೃತ್ತಿ, 2014ರ ನಿಯಮ. ಡಿಎಂ, ಅಂದರೆ ಕಥೆ ನಡೆಸಿ ತೀರ್ಪು ಹೇಳುವವನು, ನಮ್ಮ ದೊಡ್ಡಪ್ಪನ ಮಗ. ಈ ಸಲದ ಕಥೆಯನ್ನು ಅವನು ವಿಜಯಪುರದ ಹಳೆಯ ನೀರಿನ ಸುರಂಗ, ಸುರಂಗ ಬಾವಡಿ, ನೋಡಿಕೊಂಡು ಬಂದು ಕಟ್ಟಿದ್ದಾನೆ. ನಮ್ಮ ತಂಡ ನೆಲದಡಿ ಸಿಕ್ಕಿಕೊಂಡಿದೆ.

ನನ್ನ ಪಾತ್ರ ವಿಝಾರ್ಡ್ (ಮಾಂತ್ರಿಕ). ಅವನ ಹತ್ತಿರ ವಾಂಡ್ ಆಫ್ ಫೈರ್‌ಬಾಲ್ಸ್, ಅಂದರೆ ಬೆಂಕಿಯುಂಡೆ ಎಸೆಯುವ ಮಂತ್ರದ ಕೋಲು ಇದೆ, ಅದರಲ್ಲಿ ತುಂಬಿರುವ ಶಕ್ತಿ, ಚಾರ್ಜ್, ಒಂದೇ ಉಳಿದಿದೆ. ಸೂರ್ಯೋದಯಕ್ಕೆ ಚಾರ್ಜ್ ವಾಪಸ್ ಬರಬೇಕಲ್ವಾ? ಅಣ್ಣ ಹೇಳುವುದು, "ಕೆಳಗೆ ಸೂರ್ಯನೇ ಇಲ್ಲ, ಚಾರ್ಜ್ ಎಲ್ಲಿಂದ ಬರಬೇಕು?" ಹೋಗಲಿ, ನನ್ನ ಸ್ಪೆಲ್ ಸ್ಲಾಟ್ (ಸ್ಪೆಲ್ ಅಂದರೆ ಮಂತ್ರ ಹಾಕಲು ಪಾತ್ರಕ್ಕೆ ಇರುವ, ಮಲಗಿ ಎದ್ದರೆ ಮರಳುವ ಶಕ್ತಿ) ಸುರಿದು ತುಂಬಲಾ ಅಂದರೆ ಅದಕ್ಕೂ ಇಲ್ಲ. ಮನೆ ಅವನದು, ಚಹಾ ಚುರುಮುರಿ ದೊಡ್ಡವ್ವನದು. ಜಾಸ್ತಿ ವಾದ ಮಾಡಲು ಬಾಯಿ ಬರುವುದಿಲ್ಲ. ತಿಳಿದವರು ಹೇಳಿ.

ಗುಳೇದಗುಡ್ಡ_ಡಿ20:
ತಮ್ಮಾ, ಮೊದಲನೆಯದರಲ್ಲಿ ನೀನು ಸರಿ. ದಿನಕ್ಕೊಮ್ಮೆ ಸೂರ್ಯೋದಯದ ಹೊತ್ತಿಗೆ 1ಡಿ6+1, ಅಂದರೆ ಆರು ಮುಖದ ಒಂದು ದಾಳದಲ್ಲಿ ಬಿದ್ದಿದ್ದಕ್ಕೆ ಒಂದು ಕೂಡಿಸಿದಷ್ಟು, ಚಾರ್ಜ್ ಮರಳುತ್ತದೆ. ವಾಂಡ್‌ಗೆ ಬಿಸಿಲು ತಾಗಬೇಕು ಅಂತ ಎಲ್ಲೂ ಇಲ್ಲ. ನೀವು ಎಷ್ಟೇ ಆಳದಲ್ಲಿರಿ, ಮೇಲೆ ಬೆಳಗಾದರೆ ಆಯಿತು. ಸೂರ್ಯನೇ ಇಲ್ಲದ ಬೇರೆ ಲೋಕಕ್ಕೆ ಹೋದರೆ ಮಾತ್ರ ಡಿಎಂ ತೀರ್ಮಾನ ಬೇಕು.

ಎರಡನೆಯದರಲ್ಲಿ ನಿಮ್ಮಣ್ಣ ಸರಿ. ಸ್ಲಾಟ್ ಹಾಕಿ ತುಂಬುವ ದಾರಿ ಆ ವಾಂಡ್‌ನ ವಿವರಣೆಯಲ್ಲಿ ಇಲ್ಲ. ಹಾಗೆ ತುಂಬುವ ವಸ್ತುಗಳಿಗೆ ಅದನ್ನು ಬಿಡಿಸಿ ಬರೆದಿರುತ್ತಾರೆ. ಸ್ಟಾಫ್ ಆಫ್ ದಿ ಮೇಜೈ ಅನ್ನೋ ಮಂತ್ರದಂಡ ನೋಡು: ಬೇರೆಯವರು ನಿನ್ನೊಬ್ಬನ ಮೇಲೇ ಬಿಟ್ಟ ಸ್ಪೆಲ್ ಅನ್ನು ಅದು ನುಂಗಿ, ಆ ಸ್ಪೆಲ್‌ನ ಮಟ್ಟದಷ್ಟು ಚಾರ್ಜ್ ಸೇರಿಸಿಕೊಳ್ಳುತ್ತದೆ. 50 ದಾಟಿದರೆ ಸಿಡಿಯುತ್ತದೆ.

ನಾನೂ ಡಿಎಂ. ಸ್ಲಾಟ್ ಸುರಿಯಲು ಯಾಕೆ ಬಿಡುವುದಿಲ್ಲ ಅಂದರೆ, ವಿಝಾರ್ಡ್‌ಗಳು ಮಲಗುವ ಮೊದಲು ಮಿಕ್ಕ ಸ್ಲಾಟ್ ಎಲ್ಲ ವಾಂಡ್‌ಗೆ ಹಾಕುತ್ತಾರೆ. ಬೆಳಿಗ್ಗೆ ಸ್ಲಾಟೂ ಪೂರ್ತಿ, ವಾಂಡೂ ಪೂರ್ತಿ. ಪಾಪ, ಮಂತ್ರವಿಲ್ಲದ ಫೈಟರ್ (ಯೋಧ) ಆಡುವವನು ಸುಮ್ನೆ ಮೊಬೈಲ್ ನೋಡುತ್ತಾ ಕೂರುತ್ತಾನೆ.

ಇನ್ನೊಂದು. ಆ ಕೊನೆಯ ಚಾರ್ಜ್ ಮುಟ್ಟಬೇಡ. ಅದನ್ನು ಬಳಸಿದರೆ ಡಿ20 (20 ಮುಖದ ದಾಳ) ಉರುಳಿಸಬೇಕು, 1 ಬಿದ್ದರೆ ವಾಂಡ್ ಬೂದಿ. ನೂರಕ್ಕೆ ಐದು ಅಷ್ಟೇ ಅಂತೀಯೇನೋ, ನಮ್ಮ ಟೇಬಲ್ಲಿನಲ್ಲಿ ಆ 1 ಬಿದ್ದೇ ಬೀಳುತ್ತದೆ.

ಟಿಳಕವಾಡಿ_ಮಾಂತ್ರಿಕ:
ಥ್ಯಾಂಕ್ಸ್ ಅಣ್ಣ. ಮತ್ತೆ ತುಂಬಿದ ಮೇಲೆ ಒಂದೇ ಸಲಕ್ಕೆ ಮೂರು ಚಾರ್ಜ್ ಹಾಕಿ ಹೊಡೆಯುವುದು ಲಾಭಾನಾ?

ಗುಳೇದಗುಡ್ಡ_ಡಿ20:
ಲೆಕ್ಕ ನೀನೇ ಹಾಕು. ಒಂದು ಚಾರ್ಜ್‌ಗೆ 8ಡಿ6 ಏಟು, ಅಂದರೆ ಆರು ಮುಖದ ಎಂಟು ದಾಳಗಳ ಮೊತ್ತ. ಮೂರು ಒಟ್ಟಿಗೆ ಹಾಕಿದರೆ 10ಡಿ6. ಅದೇ ಮೂರನ್ನು ಬಿಡಿಬಿಡಿಯಾಗಿ ಹೊಡೆದರೆ 24ಡಿ6, ಆದರೆ ಮೂರು ಸರದಿ ಬೇಕು. ತಪ್ಪಿಸಿಕೊಳ್ಳಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ ಎರಡರಲ್ಲೂ 15. ಮುಂದಿನ ಸರದಿಗೆ ನೀನು ಉಳಿಯುವುದಿಲ್ಲ ಅನ್ನಿಸಿದಾಗ ಮಾತ್ರ ಒಟ್ಟಿಗೆ ಹಾಕು.

ಜೋಳದರೊಟ್ಟಿ_ರೋಗ್:
ನಾವು ಇದೇ ತರದ ಇನ್ನೊಂದು ಆಟ, ಪಾತ್‌ಫೈಂಡರ್ 2ನೇ ಆವೃತ್ತಿ ಆಡುವವರು. ನಮ್ಮಲ್ಲಿ ಚಾರ್ಜ್ ಕಿರಿಕಿರಿಯೇ ಇಲ್ಲ. ವಾಂಡ್ ದಿನಕ್ಕೆ ಒಂದು ಸಲ. ಎರಡನೇ ಸಲ ಒತ್ತಾಯ ಮಾಡಿದರೆ ಸ್ಪೆಲ್ ಏನೋ ಬರುತ್ತದೆ, ಆಮೇಲೆ ಡಿ20ಯಲ್ಲಿ 10 ಅಥವಾ ಮೇಲೆ ಬಿದ್ದರೆ ವಾಂಡ್ ಮುರಿಯುತ್ತದೆ, ರಿಪೇರಿ ಆಗುತ್ತದೆ. ಕಡಿಮೆ ಬಿದ್ದರೆ ಪೂರ್ತಿ ಹೋಯಿತು. 1ನೇ ಆವೃತ್ತಿಯಲ್ಲಿ 50 ಚಾರ್ಜ್, ಮುಗಿದರೆ ಬರೀ ಕಡ್ಡಿ. ನನಗೆ ಅದೇ ಇಷ್ಟವಿತ್ತು, ಜಿಪುಣರ ಆಟ.

ವಿಜಯಪುರದವ:
ನಿಯಮ ನನಗೆ ಅಷ್ಟು ಗೊತ್ತಿಲ್ಲರೀ, ಸುರಂಗ ಬಾವಡಿ ಗೊತ್ತು. ಅದು ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ನೀರು ತರಲು ಕೊರೆದ ಸುರಂಗ. ದಾರಿಯುದ್ದಕ್ಕೂ ಮೇಲಿನಿಂದ ಇಳಿಸಿದ ಗಾಳಿಬಾವಿಗಳಿವೆ, ಅದರಿಂದ ಗಾಳಿ ಬೆಳಕು ಎರಡೂ ಒಳಗೆ ಬೀಳುತ್ತವೆ. ನಿಮ್ಮಣ್ಣ ನಿಜವಾಗಲೂ ನೋಡಿ ನಕ್ಷೆ ಬರೆದಿದ್ದರೆ ಗಾಳಿಬಾವಿ ಎಲ್ಲಿವೆ ಅಂತ ಕೇಳಿ. ಬೆಳಗಿನ ಜಾವ ವಾಂಡ್ ಹಿಡಿದು ಅದರ ಕೆಳಗೆ ನಿಲ್ಲಿ.

ಟಿಳಕವಾಡಿ_ಮಾಂತ್ರಿಕ:
ನಕ್ಷೆಯಲ್ಲಿ ನಾಲ್ಕು ಕಡೆ ಸಣ್ಣ ಗುಂಡು ಗುರುತು ಇವೆ! ಕಂಬ ಅಂದುಕೊಂಡಿದ್ದೆವು. ಭಾನುವಾರ ಕೇಳುತ್ತೇನೆ.