ಅಂಡಮಾನಿನ ‘ಡೇ ಗೆಕ್ಕೊ’ಗೆ ಕನ್ನಡ ಪದ ಬೇಕು (ತುರ್ತು)

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಸಂಜೆಯೊಳಗೆ ಬರಹ ಕೊಡಿ ಅಂತ ಅಂಗಡಿಯವರು ಅವಸರ ಮಾಡುತ್ತಿದ್ದಾರೆ. ಒಂದು ಚಿತ್ರ ಅಂಡಮಾನಿನ ‘ಡೇ ಗೆಕ್ಕೊ’ದು. ಹಸಿರು ಮೈ, ಬೆನ್ನ ಮೇಲೆ ಕೆಂಪು ಗುರುತು. ಹಗಲಲ್ಲೇ ಓಡಾಡುತ್ತದೆ, ಹುಳ ತಿನ್ನುತ್ತದೆ, ಹೂವಿನ ಮಕರಂದವನ್ನೂ ನೆಕ್ಕುತ್ತದೆ. ‘ದಿವಾಚರ ಗೋಧಿಕೆ’ ಅಂತ ಒಬ್ಬರು ಹೇಳಿದರು. ಮಕ್ಕಳು ಗೋಧಿ ಅಂದುಕೊಂಡಾರು!

ಚಿತ್ರದುರ್ಗದಿಂದ:
ಗೋಧಾ ಅಂದರೆ ಉಡ. ಹಲ್ಲಿಗೆ ಯಾಕೆ ಆ ಹೆಸರು? ಹಲ್ಲಿ ಅನ್ನಿ, ಮುಗೀತು. ಹಳಗನ್ನಡದ ಪಲ್ಲಿಯೇ ಹಲ್ಲಿ. ತಮಿಳು, ಮಲಯಾಳದಲ್ಲಿ ಇವತ್ತಿಗೂ ಪಲ್ಲಿ, ತೆಲುಗಿನಲ್ಲಿ ಬಲ್ಲಿ. ಹಲ್ಲಿಗೂ ಬಾಯಿಯ ಹಲ್ಲಿಗೂ ಗಂಟು ಹಾಕುವವರು ಈ ಸಲ ದಯವಿಟ್ಟು ಸುಮ್ಮನಿರಿ.

ಹರಿಹರದಿಂದ:
ಸಂಸ್ಕೃತದಲ್ಲೂ ಪಲ್ಲೀ ಇದೆ ಸ್ವಾಮಿ. ಪಂಚಾಂಗದಲ್ಲಿ ಪಲ್ಲೀಪತನದ ಫಲ ನೋಡಿಲ್ಲವೇ?

ಚಿತ್ರದುರ್ಗದಿಂದ:
ನೋಡಿದ್ದೇನೆ. ಯಾರಿಂದ ಯಾರಿಗೆ ಹೋಯಿತು ಅನ್ನೋ ಜಗಳ ಫ್ಲೆಕ್ಸಿಗೆ ಬೇಡ.

ಹೊಳಲ್ಕೆರೆಯಿಂದ:
ಬರೀ ಹಲ್ಲಿ ಅಂದರೆ ಟ್ಯೂಬ್‌ಲೈಟ್ ಹಿಂದಿನದೇ ಕಣ್ಣಿಗೆ ಬರುತ್ತದೆ. ಇದು ಫೆಲ್ಸೂಮ ಕುಲದ್ದು. ಇದರ ನೆಂಟರೆಲ್ಲ ಮಡಗಾಸ್ಕರ್, ಮಾರಿಷಸ್, ಸೇಶೆಲ್ಸ್ ಕಡೆ ಇದ್ದಾರೆ. ಅಷ್ಟು ದೊಡ್ಡ ಸಮುದ್ರದ ಈಚೆ, ಅಂಡಮಾನಿನಲ್ಲಿ ಇದೊಂದೇ. ಗೆಕ್ಕೊ ಅಂತಲೇ ಇಡಿ. ಅದೇನು ಇಂಗ್ಲಿಷರ ಆಸ್ತಿಯಲ್ಲ. ಪ್ರಾಣಿಯ ಕೂಗು ಕೇಳಿ ಮಲಯ್ ಜನ ಇಟ್ಟ ಹೆಸರು. ಇಂಗ್ಲಿಷರು ಎರವಲು ತಂದರೆ ಜಾಣತನ, ನಾವು ತಂದರೆ ಮೈಲಿಗೆನಾ?

ಚಿತ್ರದುರ್ಗದಿಂದ:
ಮೈಲಿಗೆ ಅಲ್ಲ, ಸೋಮಾರಿತನ. ಬಸ್ಸು ಇರಲಿಲ್ಲ, ತಂದೆವು. ಹಲ್ಲಿ ಇದೆಯಲ್ಲ! ಹಲ್ಲಿ, ಓತಿಕ್ಯಾತ, ಹಾವುರಾಣಿ, ಉಡ ಅಂತ ನಮ್ಮವರು ಬೇರೆ ಬೇರೆ ಹೆಸರಿಟ್ಟಿದ್ದಾರೆ. ‘ಲಿಜರ್ಡ್’ ಅಂತ ಎಲ್ಲವನ್ನೂ ಒಟ್ಟಿಗೆ ಕರೆಯೋಕೆ ಬೇಕಾದರೆ ನಮಗೆ ಪದದ ಕೊರತೆ ಇದೆ, ಒಪ್ಪುತ್ತೇನೆ. ಗೆಕ್ಕೊಗೆ ಇಲ್ಲ. ಅದಕ್ಕೆ ಸರಿಯಾಗಿ ಕೂರುವ ಪದವೇ ಹಲ್ಲಿ. ಬೇರೆ ಮಾಡಬೇಕಿದ್ದರೆ ‘ಹಗಲುಹಲ್ಲಿ’ ಅನ್ನಿ. ಹಗಲುವೇಷ, ಹಗಲುಗನಸು ಇಲ್ಲವೇ, ಹಾಗೆ. ಕೂಡಿಸಿಯೇ ಬರೆಯಬೇಕು. ಬಿಡಿಸಿದರೆ ಹಗಲೇ ಬೇರೆ, ಹಲ್ಲಿಯೇ ಬೇರೆ ಆಗುತ್ತದೆ.

ಹರಿಹರದಿಂದ:
‘ದಿನಪಲ್ಲಿ’ ಚೆನ್ನಾಗಿತ್ತು.

ಚಿತ್ರದುರ್ಗದಿಂದ:
ಊರಿನ ಹೆಸರಿದ್ದ ಹಾಗಿದೆ.

ದಾವಣಗೆರೆಯಿಂದ:
‘ಅಂಡಮಾನಿನ ಹಗಲುಹಲ್ಲಿ’ ಅಂತಲೇ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್. ಆದರೆ ಸರ್, ಜಾಗ ಸಾಲಲಿಲ್ಲ ಅಂತ ಅಂಗಡಿಯವರು ಹಗಲನ್ನು ಮೇಲಿನ ಸಾಲಿಗೆ, ಹಲ್ಲಿಯನ್ನು ಕೆಳಗಿನ ಸಾಲಿಗೆ ಹಾಕಿದ್ದಾರೆ.